ಸಿಂಗಾಪುರದ ಮಜೀದಾ

ಶಿವಾಜಿನಗರ, ಬೆಂಗಳೂರು
೧೪ ಸೆಪ್ಟೆಂಬರ್ ೨೦೨೪, ಶನಿವಾರ

ಪ್ರೀತಿಯ ಜಹನಾರಾ ಆಪಾ,

ಅಸ್ಸಲಾಮು ಅಲೈಕುಮ್. ನೀನು, ದುಲ್ಹೆಭಾಯಿ, ಮಗಳು ಮಾಹಿರಾ ಮೂವರೂ ಅಲ್ಲಾಹನ ಕೃಪೆಯಿಂದ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮಂಡಿನೋವು ಈಗ ಹೇಗಿದೆ? ಲಿಫ್ಟ್ ಇರುವ ಮನೆಯಲ್ಲಿ ಮಂಡಿ ಯಾಕೆ ನೋಯುತ್ತದೋ ನನಗೆ ಅರ್ಥವಾಗದು, ಆದರೂ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಹಚ್ಚಿಕೋ. ಅಮ್ಮಿಗೆ ನಾನು ದಿನಾ ಹಚ್ಚುವುದು ಅದನ್ನೇ. ಇಲ್ಲಿ ನಾವೆಲ್ಲ ಇದ್ದ ಹಾಗೇ ಇದ್ದೇವೆ. ಹೋದ ವಾರ ಮೇರಿಯಮ್ಮನ ಹಬ್ಬ ಮುಗಿಯಿತು, ನಾಳಿದ್ದು ಈದ್ ಮಿಲಾದ್. ಆ ಹಬ್ಬದ ತೋರಣ ಇಳಿಸುವ ಮೊದಲೇ ಈ ಹಬ್ಬದ ಹಸಿರು ಬಲ್ಬುಗಳನ್ನು ಬೀದಿಯುದ್ದಕ್ಕೂ ಎಳೆದಿದ್ದಾರೆ. ನಮ್ಮ ತಮ್ಮ ಮೊಹ್ಸಿನ್ ರಸೆಲ್ ಮಾರುಕಟ್ಟೆಯ ಅಂಗಡಿಯಲ್ಲಿ ಸೀತಾಫಲದ ಬುಟ್ಟಿಗಳ ನಡುವೆ ಕೂತು ದಪ್ಪಗಾಗುತ್ತಿದ್ದಾನೆ. ಅವನ ಹೆಂಡತಿ ಅಂಬ್ರೀನ್ ವಾರಕ್ಕೆರಡು ಸಲ ನನ್ನ ಜೊತೆ ಜಗಳವಾಡುತ್ತಾಳೆ, ಉಳಿದ ದಿನ ಚೆನ್ನಾಗಿರುತ್ತಾಳೆ.

ಫೋನ್ ಬಿಟ್ಟು ಕಾಗದವೇಕೆ ಎಂದು ಕೇಳಬೇಡ. ನಿನ್ನ ಫೋನನ್ನು ದುಲ್ಹೆಭಾಯಿ ಎತ್ತಿ ಎತ್ತಿ ನೋಡುತ್ತಾರೆಂದು ನೀನೇ ಹೇಳಿದ್ದೆ. ವಾಣಿಯಂಬಾಡಿಯ ನಿನ್ನ ಯಜಮಾನರಿಗೆ ತಮಿಳು ಬರುತ್ತದೆ, ಉರ್ದು ಬರುತ್ತದೆ, ಕನ್ನಡ ಮಾತ್ರ ಜಿಲೇಬಿ ಸುತ್ತಿದ ಹಾಗೆ ಕಾಣುತ್ತದೆ. ಅಬ್ಬಾ ಗಂಡುಮಗನನ್ನು ಫೀಸು ಕಟ್ಟಿ ಇಂಗ್ಲಿಷ್ ಶಾಲೆಗೆ ಹಾಕಿದರು, ಹೆಣ್ಣುಮಕ್ಕಳಿಬ್ಬರಿಗೆ ಸರ್ಕಾರಿ ಕನ್ನಡ ಶಾಲೆ ಸಾಕೆಂದರು. ಈಗ ನೋಡಿದರೆ ಅದೂ ಒಂದು ಅನುಕೂಲ. ನಮ್ಮ ಮನೆಯ ಗಂಡಸರಾರೂ ಓದಲಾರದ ಕಾಗದವನ್ನು ನಾವಿಬ್ಬರು ಬರೆದುಕೊಳ್ಳಬಹುದು. ನನಗಂತೂ ಅನ್ನ ಕೊಟ್ಟದ್ದು ಅದೇ ಕನ್ನಡ. ಕೃಷ್ಣರಾಜಪುರದ ಶಾಲೆಯಲ್ಲಿ ಈಗಲೂ ನಾನು ಕನ್ನಡ ಮೇಡಂ. ನಿನಗೆ ಅಕ್ಷರ ಮರೆತುಹೋಗಿದ್ದರೆ ನಿಧಾನವಾಗಿ ಕೂಡಿಸಿಕೊಂಡು ಓದು.

ವಿಷಯಕ್ಕೆ ಬರುತ್ತೇನೆ. ದಸರಾ ರಜೆಯಲ್ಲಿ ನಾನು ಮತ್ತು ಅಮ್ಮಿ ಸಿಂಗಾಪುರಕ್ಕೆ ಬರುತ್ತಿದ್ದೇವೆ. ಎದೆ ಹಿಡಿದುಕೊಳ್ಳಬೇಡ, ನಿನ್ನ ಖರ್ಚಿನಲ್ಲಲ್ಲ. ಹೋದ ತಿಂಗಳು ನೀನು ಮೊಹ್ಸಿನ್‌ಗೆ ಫೋನ್ ಮಾಡಿ ಅತ್ತೆಯಂತೆ. ಅಮ್ಮಿಗೆ ಮರೆವು ಹೆಚ್ಚಾಗಿದೆ, ಹೋದ ನೆನಪು ಇನ್ನು ತಿರುಗಿ ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ ಎಂದು ಅವನು ತಿಳಿಸಿದಾಗ, ‘ಪೂರ್ತಿ ಮರೆಯೋಕೆ ಮುಂಚೆ ಒಂದೇ ಒಂದು ಸಲ ನನ್ನ ಮುಖ ನೋಡಿ ಜಹನಾರಾ ಅಂದ್ಬಿಡ್ಲಿ, ನನಗಷ್ಟೇ ಸಾಕು’ ಎಂದೆಯಂತೆ. ಊರವರ ಮಕ್ಕಳನ್ನು ನೋಡಿಕೊಳ್ಳುವ ನಿನ್ನ ಕೆಲಸಕ್ಕೆ ರಜೆಯಿಲ್ಲ, ಮಾಹಿರಾಗೆ ಪರೀಕ್ಷೆ, ಹಡಗು ರಿಪೇರಿ ಕಂಪನಿಯಲ್ಲಿ ದುಲ್ಹೆಭಾಯಿಗೆ ಶಿಫ್ಟು. ಆದ್ದರಿಂದ ನೀನು ಬರುವ ಹಾಗಿಲ್ಲ, ಎಪ್ಪತ್ತೈದು ದಾಟಿದ ಅಮ್ಮಿಯೇ ಬರಬೇಕು. ಆಗಲಿ. ನೀನು ಮತ್ತೊಂದು ಮಾತು ಕೇಳಿದೆಯಂತೆ, ‘ಅಮ್ಮಿ ನನ್ನ ಹೆಸರು ಹೇಳ್ತಾಳಾ?’ ಎಂದು. ‘ಬೆಳಗಿಂದ ಸಂಜೆವರೆಗೂ ಜಹನಾರಾ ಜಹನಾರಾ ಅಂತಾನೇ ಇರ್ತಾಳೆ’ ಎಂದು ಮೊಹ್ಸಿನ್ ಹೇಳಿದ. ಅವನು ಸುಳ್ಳು ಹೇಳಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಖರ್ಚಿನ ಮಾತು ಮುಗಿಯಲಿ, ನಿನಗೆ ಯಾವಾಗಲೂ ಮೊದಲು ನೆನಪಾಗುವುದು ಅದು.

ಮದುವೆಯಾಗಿ ಹೋದ ಈ ಹತ್ತೊಂಬತ್ತು ವರ್ಷದಲ್ಲಿ ಸಿಂಗಾಪುರದ ಬಗ್ಗೆ ನೀನು ನಮಗೆ ಕಲಿಸಿದ ಪಾಠ ಒಂದೇ: ಅದು ದುಬಾರಿ ಊರು. ಅಬ್ಬಾ ಒಮ್ಮೆ ಬಂದು ನೋಡಿಕೊಂಡು ಹೋಗುತ್ತೇನೆಂದಾಗ, ‘ಇಲ್ಲಿ ಒಂದು ಎಳನೀರಿಗೆ ನಿಮ್ಮ ಅರ್ಧ ದಿನದ ವ್ಯಾಪಾರ ಹೋಗ್ಬಿಡುತ್ತೆ ಅಬ್ಬಾ’ ಎಂದೆ. ಹಣ್ಣಿನ ವ್ಯಾಪಾರಿ, ಪಾಪ, ಎಳನೀರಿನ ಬೆಲೆ ಕೇಳಿ ನಿಜವಾಗಿಯೂ ಹೆದರಿದರು. ಮಾರುಕಟ್ಟೆಯಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದರು, ಮಗಳು ಅಂಥ ದೊಡ್ಡ ಊರಿನಲ್ಲಿದ್ದಾಳೆಂಬ ಹೆಮ್ಮೆಯಿಂದ. ಮಾಹಿರಾ ಹುಟ್ಟುವಾಗ ಅಮ್ಮಿ ಬಾಣಂತನಕ್ಕೆಂದು ಹಳೇ ಮೆತ್ತನೆ ಬಟ್ಟೆಗಳನ್ನು ಒಗೆದು ಮಡಿಸಿ ಕಟ್ಟಿಟ್ಟಿದ್ದಳು. ಆಗಲೂ ದುಬಾರಿ. ಐದು ವರ್ಷದ ಕೆಳಗೆ ಅಬ್ಬಾ ತೀರಿಕೊಂಡಾಗ ‘ಟಿಕೆಟ್ ನೋಡ್ದೆ ಮಜೀದಾ, ಮೂರು ಪಟ್ಟು ಹೇಳ್ತಿದ್ದಾರೆ’ ಎಂದು ಫೋನಿನಲ್ಲಿ ಅತ್ತೆ. ಜನಾಜಾ ಎದ್ದದ್ದನ್ನು ವಿಡಿಯೋದಲ್ಲಿ ನೋಡಿದೆ. ಆ ಫೋನನ್ನು ಹಿಡಿದು ನಿಂತಿದ್ದವಳು ನಾನು. ಸತ್ತ ತಂದೆಯ ಮುಖ ನಿನಗೆ ಸರಿಯಾಗಿ ಕಾಣಲೆಂದು ಅಲುಗಾಡದೆ ನಿಂತಿದ್ದೆ. ನನಗೆ ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಈ ಸಲ ದುಬಾರಿಯ ಮಾತು ನಡೆಯುವುದಿಲ್ಲ, ಏಕೆಂದರೆ ಎಲ್ಲವನ್ನೂ ಯೋಚಿಸಿಟ್ಟಿದ್ದೇನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ನಾವು ಹಾಸಿಗೆಯನ್ನೇ ಜೊತೆಗೆ ಹೊತ್ತು ತರುತ್ತಿದ್ದೇವೆ. ನಮ್ಮ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಸುಭದ್ರಮ್ಮ ಎರಡು ವರ್ಷದ ಹಿಂದೆ ಒಂದು ಗುಂಪಿನ ಜೊತೆ ಸಿಂಗಾಪುರಕ್ಕೆ ಹೋಗಿಬಂದಿದ್ದಾರೆ. ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ವಾಪಸ್ಸು ಬರುತ್ತೇವೆ. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ನಿಂತುಬಿಟ್ಟರೆ ಒಂದು ದೇಶವನ್ನೇ ಸುತ್ತಿ ಮುಗಿಸುವಷ್ಟು ಹೊತ್ತು ಸಿಗುತ್ತದೆ. ನನ್ನ ಸಿಂಗಾಪುರವೆಲ್ಲ ಅಲ್ಲೇ ತಯಾರಾದದ್ದು. ‘ನಲ್ಲಿ ನೀರೇ ಕುಡೀರಿ ಮಜೀದಾ, ಬಾಟ್ಲಿಗೆ ದುಡ್ಡು ಸುರೀಬೇಡಿ. ನಾವು ಗೊತ್ತಿಲ್ದೆ ಬರೀ ನೀರಿಗೇ ಒಂದು ಸೀರೆ ದುಡ್ಡು ಕೊಟ್ವಿ ಕಣ್ರೀ’ ಎಂದರು. ಟ್ಯಾಕ್ಸಿ ಹತ್ತಲೇಬೇಡಿ, ಮೆಟ್ರೋದಲ್ಲಿ ವಯಸ್ಸಾದವರನ್ನು ಕಂಡರೆ ಹುಡುಗರು ಎದ್ದು ಸೀಟು ಬಿಡುತ್ತಾರೆ ಎಂದರು. ಅಲ್ಲಿಯ ಹುಡುಗರಿಗೆ ಮುದುಕರ ಮೇಲೆ ಅಷ್ಟು ಗೌರವವಂತೆ. ಕೇಳಿ ಸಂತೋಷವಾಯಿತು.

ವಿಮಾನ ಅತ್ಯಂತ ಅಗ್ಗದ್ದು. ಊಟ ಕೊಡುವುದಿಲ್ಲ, ನೀರು ಕೊಡುವುದಿಲ್ಲ, ಪೆಟ್ಟಿಗೆಗೆ ಬೇರೆ ದುಡ್ಡು, ಒಟ್ಟಿಗೆ ಕೂರಬೇಕೆಂದರೆ ಅದಕ್ಕೂ ಬೇರೆ ದುಡ್ಡು. ಅಮ್ಮಿಯನ್ನು ಒಬ್ಬಳೇ ಕೂರಿಸಿದರೆ ಅರ್ಧ ದಾರಿಯಲ್ಲಿ ಎದ್ದು ಬಾಗಿಲು ತೆಗೆಯಲು ಹೋಗುತ್ತಾಳೆ, ಆದ್ದರಿಂದ ಅದೊಂದಕ್ಕೆ ಮಾತ್ರ ದುಡ್ಡು ಕೊಟ್ಟಿದ್ದೇನೆ. ಒಬ್ಬೊಬ್ಬರಿಗೆ ಏಳು ಕೆಜಿಯ ಕೈಚೀಲ. ಅದರೊಳಗೆ ಅಮ್ಮಿಯ ಮಾತ್ರೆ, ಒದ್ದೆಯಾದರೆ ಬದಲಿಸುವ ಬಟ್ಟೆ, ರಬ್ಬರ್ ಶೀಟು ಹೋದ ಮೇಲೆ ನನ್ನ ಬಟ್ಟೆಗೆ ಜಾಗವಿಲ್ಲ. ಬುರ್ಖಾದ ಒಳಗೆ ಎರಡು ಜೊತೆ ಹಾಕಿಕೊಂಡು ಬರುತ್ತೇನೆ. ಸುಭದ್ರಮ್ಮ ನಕ್ಕು, ‘ನಮ್ಮ ಸೀರೇಲಿ ಈ ಅನುಕೂಲ ಇಲ್ಲ ನೋಡ್ರಿ’ ಎಂದರು. ಹುರಿದ ರವೆ, ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿಕೊಂಡಿದ್ದೇನೆ. ಖೀಮಾ ಹುರಿದು ತರೋಣವೆಂದರೆ ಮಾಂಸ ಒಳಗೆ ಬಿಡುವುದಿಲ್ಲವಂತೆ. ಅಮ್ಮಿಯ ಎಲೆಯಡಿಕೆಗೂ ಕುತ್ತು, ಹೊಗೆಸೊಪ್ಪು ತಂದರೆ ಹಿಡಿಯುತ್ತಾರಂತೆ. ಬರೀ ಎಲೆ ಸುಣ್ಣ ಅಡಿಕೆ ಕೊಟ್ಟು ಈಗಿನಿಂದಲೇ ಅಭ್ಯಾಸ ಮಾಡಿಸುತ್ತಿದ್ದೇನೆ. ಅವಳು ಉಗಿದು ಮುಖ ತಿರುಗಿಸುತ್ತಾಳೆ. ನಿನ್ನ ಅಡುಗೆಮನೆಯಲ್ಲಿ ಒಂದು ಒಲೆ ಬಿಡು, ಅಕ್ಕಿಯ ಒಂದು ಕಾಳೂ ನಿನ್ನದು ಬೇಡ.

ಇನ್ನು ಉಳಿಯುವ ಜಾಗ. ಇಂದಿರಾನಗರದಲ್ಲಿ ಪ್ರವಾಸದ ಆಫೀಸು ಇಟ್ಟಿರುವ ಮಧುಕರ್ ನನ್ನ ಹಳೆಯ ವಿದ್ಯಾರ್ಥಿ. ಸಮಾಸ ತಲೆಗೆ ಹತ್ತಲಿಲ್ಲ, ವ್ಯವಹಾರ ಚೆನ್ನಾಗಿ ಹತ್ತಿದೆ. ‘ಮೇಡಂ, ಅಲ್ಲಿ ಎಲ್ಲಕ್ಕಿಂತ ಕಾಸ್ಟ್ಲಿ ಅಂದ್ರೆ ರೂಮು. ಮನೆ ಅಂತ ಒಂದಿದ್ಬಿಟ್ರೆ ಅರ್ಧಕ್ಕರ್ಧ ಉಳೀತು ಅಂದ್ಕೊಳ್ಳಿ. ನಿಮಗೆ ಅಲ್ಲಿ ಯಾರೂ ಇಲ್ವಾ?’ ಎಂದು ಕೇಳಿದ. ‘ಯಾರೂ ಇಲ್ಲ ಕಣಪ್ಪ’ ಎಂದೆ. ಯೋಚಿಸಿ ಹೇಳಿದ್ದಲ್ಲ ಆಪಾ, ಬಾಯಿಗೆ ಬಂದದ್ದೇ ಅದು. ಅವನು ಪಾಪ ಹುಡುಕಿ ಹುಡುಕಿ ಒಂದು ಜಾಗ ತೋರಿಸಿದ. ಗೋಡೆಯಲ್ಲಿ ಸಾಲಾಗಿ ಗೂಡು ಮಾಡಿ ಒಂದೊಂದು ಗೂಡಿಗೆ ಒಬ್ಬೊಬ್ಬರನ್ನು ಮಲಗಿಸುತ್ತಾರೆ. ಚಿತ್ರ ನೋಡಿದರೆ ಆಸ್ಪತ್ರೆಯಲ್ಲಿ ಹೆಣ ಇಡುವ ಕಪಾಟಿನ ಹಾಗಿದೆ. ಅಮ್ಮಿ ದಿಕ್ಕು ತಪ್ಪಿ ಎದ್ದರೆ ತಲೆ ಒಡೆದುಕೊಳ್ಳುವುದು ಖಂಡಿತ. ಆ ಚಿತ್ರವನ್ನು ಮನೆಯಲ್ಲಿ ತೋರಿಸಿದಾಗ ಮೊಹ್ಸಿನ್ ನನ್ನ ಮೇಲೆ ಕೂಗಾಡಿದ. ‘ಆಪಾ ಮನೆ ಇಟ್ಕೊಂಡು ಗೂಡಲ್ಲಿ ಮಲಗಿಸ್ತೀಯಾ ಅಮ್ಮೀನ? ಆಪಾ ಬಾ ಬಾ ಅಂತ ಅಳ್ತಾ ಇದ್ದಾಳೆ’ ಎಂದ. ಅದೂ ಸರಿಯೇ. ನಾಲ್ಕು ರಾತ್ರಿ ನಿನ್ನ ಮನೆಯ ಹಾಲಿನಲ್ಲಿ ಮಲಗುತ್ತೇವೆ. ಎರಡನೆಯ ಕೋಣೆ ಇಲ್ಲವೆಂದು ಹೇಳಬೇಡ, ಈದ್ ದಿನ ವಿಡಿಯೋದಲ್ಲಿ ನೀನು ಫೋನನ್ನು ಎಷ್ಟೇ ಬೇಗ ತಿರುಗಿಸಿದರೂ ಅಲ್ಲಿಯ ಮಂಚ ಕಂಡಿತು. ಆದರೂ ನಮಗೆ ಹಾಲೇ ಸಾಕು, ಬಚ್ಚಲು ಹತ್ತಿರವಿದ್ದರೆ ಒಳ್ಳೆಯದು.

ಊರು ನೋಡುವುದಕ್ಕೂ ದುಡ್ಡು ಬೇಕಾಗಿಲ್ಲ. ಬಾಯಿಂದ ನೀರು ಉಗುಳುವ ಸಿಂಹ ಪುಕ್ಕಟೆ, ದೀಪದ ಮರಗಳ ತೋಟ ಹೊರಗಿನಿಂದ ಪುಕ್ಕಟೆ, ವಿಮಾನ ನಿಲ್ದಾಣದೊಳಗೇ ಒಂದು ಜಲಪಾತ ಮಾಡಿದ್ದಾರಂತೆ, ಅದೂ ಪುಕ್ಕಟೆ. ನನಗೆ ನೋಡಬೇಕೆಂಬ ಆಸೆ ಇದೆ, ಇಲ್ಲವೆನ್ನಲಾರೆ. ಒಂದು ಕಾಲಕ್ಕೆ ಆ ಊರಿನ ಹೆಸರು ಕೇಳಿದರೆ ನಿದ್ದೆ ಬರುತ್ತಿರಲಿಲ್ಲ. ಅಮ್ಮಿಗೆ ಇದಾವುದೂ ಬೇಡ. ಅವಳಿಗೆ ಮಗಳ ಮನೆಯೊಂದೇ. ಕರೆದುಕೊಂಡು ಹೋಗುವುದಿದ್ದರೆ ಬೇಗ ಹೋಗಿಬನ್ನಿ, ಇನ್ನೊಂದು ಆರು ತಿಂಗಳಾದರೆ ಮನೆಯಿಂದ ಹೊರಗೆ ಕರೆದೊಯ್ಯುವ ಹಾಗೂ ಇರುವುದಿಲ್ಲ, ಯಾರ ಮುಖವೂ ಗುರುತು ಸಿಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಈಗ ಮೊಹ್ಸಿನ್ ಹೇಳಿದ ಮಾತಿಗೆ ಬರುತ್ತೇನೆ. ಅಮ್ಮಿಯ ಪಾಸ್‌ಪೋರ್ಟ್ ಹೊಸದು ಮಾಡಿಸಿದಾಗ ಸ್ಟೇಷನ್ನಿಂದ ಒಬ್ಬ ಕಾನ್‌ಸ್ಟೇಬಲ್ ವಿಚಾರಣೆಗೆ ಬಂದಿದ್ದ. ಒಳ್ಳೆಯ ಮನುಷ್ಯ, ಬೂಟು ಬಿಚ್ಚಿಟ್ಟು ಒಳಗೆ ಬಂದ. ‘ಎಲ್ಲಿಗಜ್ಜಿ ಹೊರಟಿರೋದು?’ ಎಂದು ಕೇಳಿದ. ಅಮ್ಮಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಮಾರುಕಟ್ಟೆಯಲ್ಲಿ ಕಲಿತ ತನ್ನ ಕನ್ನಡದಲ್ಲಿ, ‘ಸಿಂಗಾಪುರ. ನಮ್ದು ಚಿಕ್ಕ ಮಗಳು ಇರೋದು ಅಲ್ಲಿ. ಮಜೀದಾ. ನಾವು ಸತ್ರಾ ಇದ್ರಾ ಅಂತ ಕೇಳಲ್ಲ ಅವ್ಳು, ಹರಾಮ್‌ಖೋರಿ’ ಎಂದಳು. ಆಮೇಲೆ ನನ್ನ ಕೈ ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು, ‘ಇವ್ಳು ದೊಡ್ಡೋಳು. ಜಹನಾರಾ. ಇವ್ಳೇ ನಂಗೆ ನೋಡ್ಕೊಳ್ಳೋದು, ಚಿನ್ನ’ ಎಂದಳು. ಕಾನ್‌ಸ್ಟೇಬಲ್ ನನ್ನ ಮುಖ ನೋಡಿದ. ಅವನಿಗೆ ಬಾಗಿಲಲ್ಲೇ ನಾನು ಮಜೀದಾ ಎಂದು ಹೇಳಿದ್ದೆ. ‘ವಯಸ್ಸಾಯ್ತಲ್ಲ, ಬಿಡಿ ಮೇಡಂ’ ಎಂದು ಟೀ ಕುಡಿದು ಹೋದ.

ತಿಳಿಯಿತೇ ಆಪಾ? ಅಮ್ಮಿ ದಿನವಿಡೀ ಕರೆಯುವ ಜಹನಾರಾ ನಾನು. ಎಂಟು ತಿಂಗಳಿಂದ ಈ ಮನೆಯಲ್ಲಿ ಅಮ್ಮಿಯ ಪಾಲಿಗೆ ನಾನೇ ಜಹನಾರಾ. ದೂರ ಹೋದವಳು, ಬಾರದವಳು, ಬೈಸಿಕೊಳ್ಳುವವಳು ಮಜೀದಾ. ನಿನ್ನನ್ನು ನೆನೆದು ಅಮ್ಮಿ ಕೊರಗುತ್ತಿದ್ದಾಳೆಂದು ನೀನು ಫೋನಿನಲ್ಲಿ ಸಂತೋಷದಿಂದ ಅತ್ತೆಯಲ್ಲ, ಅದನ್ನು ಮೊಹ್ಸಿನ್ ಹೇಳಿದಾಗ ನಾನು ನಕ್ಕುಬಿಟ್ಟೆ. ಅವನು ಹೆದರಿ ನಿನಗೆ ನಿಜ ಹೇಳಲಿಲ್ಲ. ನಾನು ಹೇಳುತ್ತಿದ್ದೇನೆ.

ಡಾಕ್ಟರಿಗೆ ಇದು ಕಾಯಿಲೆಯ ಗೊಂದಲ. ನನಗೆ ಹಾಗನ್ನಿಸುವುದಿಲ್ಲ. ಅಮ್ಮಿಯ ತಲೆ ಬೇರೆಲ್ಲವನ್ನೂ ಕಳೆದುಕೊಂಡು ಒಂದು ಸಂಗತಿಯನ್ನು ಮಾತ್ರ ಸರಿ ಮಾಡಿಟ್ಟುಕೊಂಡಿದೆ. ಫ್ರೇಜರ್ ಟೌನಿನ ಆ ಮದುವೆಯಲ್ಲಿ ದುಲ್ಹೆಭಾಯಿಯ ತಾಯಿ ನೋಡಿ ಮೆಚ್ಚಿದ್ದು ನನ್ನನ್ನು. ಮನೆಗೆ ಮಾತು ತಂದದ್ದೂ ನನಗೆ. ನಮ್ಮ ದಾದಿ, ಅಬ್ಬಾನ ತಾಯಿ, ಮಂಚದ ಮೇಲಿಂದಲೇ, ‘ಬಡೀ ಘರ್ ಮೇ ಬೈಠೀ ಹೈ, ಛೋಟೀ ಕೀ ಬಾತ್ ಕೈಕು?’ ಎಂದಳು. ದೊಡ್ಡವಳು ಮನೆಯಲ್ಲಿ ಕೂತಿರುವಾಗ ಚಿಕ್ಕವಳ ಮಾತೇಕೆ. ಅಷ್ಟಕ್ಕೇ ಮುಗಿಯಿತು. ಹುಡುಗನಿಗೆ ಇದ್ದದ್ದು ಎರಡು ವಾರದ ರಜೆ, ಅವರಿಗೂ ಅವಸರ; ಮನೆತನ ಅದೇ ತಾನೇ, ಹುಡುಗಿ ಯಾರಾದರೇನು ಎಂದು ಒಪ್ಪಿಕೊಂಡರು. ಗಿರಾಕಿ ಒಂದು ಹಣ್ಣು ಕೇಳಿದರೆ ಅಬ್ಬಾ ಬೇಗ ಖರ್ಚಾಗಬೇಕಾದ ಇನ್ನೊಂದನ್ನು ಮುಂದೆ ತಳ್ಳುತ್ತಿದ್ದರಲ್ಲ, ಹಾಗೆ ನಿನ್ನನ್ನು ತಳ್ಳಿದರು. ನನಗೆಂದು ಹೊಲಿದಿಟ್ಟಿದ್ದ ಗುಲಾಬಿ ಬಣ್ಣದ ಶರಾರಾ ನಿನಗೆ ಬಿಗಿಯಾಯಿತು. ಬದಿಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟವಳು ನಾನೇ. ‘ನನಗೂ ಇಷ್ಟ ಇಲ್ಲ ಕಣೇ ಮಜೀದಾ, ಆದ್ರೆ ಏನ್ ಮಾಡ್ಲಿ’ ಎಂದೆ. ಹಾಗೆನ್ನುತ್ತಲೇ ಕನ್ನಡಿಯಲ್ಲಿ ಹಿಂದೆ ಮುಂದೆ ತಿರುಗಿ ನೋಡಿಕೊಂಡೆ. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನಿನ್ನ ಕಾಲ ಬಳಿ ಕೂತಿದ್ದೆ. ನೀನು ಒಂದು ಸಲ, ಒಂದೇ ಒಂದು ಸಲ, ಬೇಡವೆಂದು ದೊಡ್ಡವರ ಮುಂದೆ ಹೇಳಿದ್ದರೆ ನಾನು ಸಾಯುವವರೆಗೆ ನಿನ್ನ ಪಾದ ತೊಳೆಯುತ್ತಿದ್ದೆ.

ನಿನಗೆ ಇದಕ್ಕಿಂತ ಒಳ್ಳೆಯ ಗಂಡು ತರುತ್ತೇನೆಂದು ಅಮ್ಮಿ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದಳು. ಒಂದೆರಡು ಬಂದವು. ಒಬ್ಬನಿಗೆ ಅಂಗಡಿಯಲ್ಲಿ ಪಾಲು ಬೇಕಿತ್ತು, ಇನ್ನೊಬ್ಬನಿಗೆ ಆಗಲೇ ಒಬ್ಬ ಹೆಂಡತಿ ಇದ್ದಳು. ಆಮೇಲೆ ನಾನು ಮೇಡಂ ಆದೆ, ಆಮೇಲೆ ಯಾರೂ ಕೇಳಲಿಲ್ಲ. ಈಗ ಅಮ್ಮಿಯ ಲೋಕದಲ್ಲಿ ಆ ಅನ್ಯಾಯ ನಡೆದೇ ಇಲ್ಲ. ಮಾತು ಬಂದವಳೇ ಮದುವೆಯಾಗಿ ಹೋದಳು, ದೊಡ್ಡವಳು ಮನೆಯಲ್ಲಿ ಉಳಿದು ತಾಯಿಯನ್ನು ನೋಡಿಕೊಂಡಳು. ಸರಿ ಮಾಡಿದಳಲ್ಲ ಎಂದು ಸಂತೋಷಪಡೋಣವೆಂದರೆ, ಸರಿ ಮಾಡಿದ ಮೇಲೂ ಬೈಗುಳ ನನ್ನ ಹೆಸರಿಗೇ ಬಿತ್ತು.

ಮೊದಮೊದಲು ನಾನು ತಿದ್ದಲು ಹೋದೆ. ಮೇಡಂ ಅಲ್ಲವೇ, ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ‘ಅಮ್ಮೀ, ನಾನು ಮಜೀದಾ, ಸರಿಯಾಗಿ ನೋಡು’ ಎಂದೆ. ಅವಳು ನೋಡಿದಳು. ಕೈಯಲ್ಲಿದ್ದ ಸೌಟಿನಿಂದಲೇ ಹೊಡೆದಳು. ‘ಈಗ ಬಂದ್ಯಾ? ನಿಮ್ಮಬ್ಬಾ ಮಣ್ಣಾದ ಮೇಲೆ ಬಂದ್ಯಾ? ಯಾರ ಮನೆ ಅಂದ್ಕೊಂಡು ಬಂದೆ?’ ಎಂದಳು. ಒಂದೊಂದು ಮಾತೂ ನಿನಗೆ ಸಲ್ಲಬೇಕಾದದ್ದು, ನನ್ನ ಮೊಣಕೈಗೆ ಬಿತ್ತು. ಆ ದಿನ ನನ್ನ ಕೈಯಿಂದ ನೀರೂ ಕುಡಿಯಲಿಲ್ಲ, ಜಹನಾರಾಳನ್ನು ಕರೆಯಿರಿ ಎಂದು ಮಗುವಿನ ಹಾಗೆ ಅತ್ತಳು. ಮರುದಿನ ಬೆಳಿಗ್ಗೆ ಗಂಜಿ ತೆಗೆದುಕೊಂಡು ಹೋಗಿ ‘ಅಮ್ಮೀ, ಜಹನಾರಾ ಬಂದಿದ್ದೀನಿ’ ಎಂದೆ. ಬಾಯಿ ತೆರೆದಳು. ಅಂದಿನಿಂದ ತಿದ್ದುವುದನ್ನು ಬಿಟ್ಟಿದ್ದೇನೆ.

ನಮ್ಮ ಅಮ್ಮಿ ನನ್ನನ್ನು ಮುದ್ದು ಮಾಡಿದ್ದು ನನಗೆ ನೆನಪಿಲ್ಲ. ಮೊದಲ ಮಗಳು ನೀನು, ಒಬ್ಬನೇ ಮಗ ಅವನು, ನಡುವೆ ನಾನು. ಈಗ ನನ್ನ ಕೆನ್ನೆ ಸವರುತ್ತಾಳೆ, ಶಾಲೆಯಿಂದ ಬರುವುದು ತಡವಾದರೆ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕಾಯುತ್ತಾಳೆ, ತಟ್ಟೆಯಲ್ಲಿ ಕಲಸಿದ ಅನ್ನದ ಮೊದಲ ತುತ್ತು ನನ್ನ ಬಾಯಿಗಿಡುತ್ತಾಳೆ. ಹಾಸಿಗೆ ತೊಳೆಯುವವಳು ಮಜೀದಾ, ಚಿನ್ನ ಎನ್ನಿಸಿಕೊಳ್ಳುವವಳು ಜಹನಾರಾ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ಅಂಬ್ರೀನ್ ಹೇಳುತ್ತಾಳೆ. ಇದೆ, ಮುಚ್ಚಿಡುವುದೇನು. ಸಿಂಗಾಪುರದ ಮೇಲಲ್ಲ, ದುಲ್ಹೆಭಾಯಿಯ ಮೇಲಂತೂ ಅಲ್ಲ, ಅವರ ಗೊರಕೆಯ ಬಗ್ಗೆ ನೀನೇ ಹೇಳಿದ್ದೀಯ. ಆ ಹೆಸರಿನ ಮೇಲೆ. ಇಷ್ಟು ಮಾಡಿಯೂ ಅಮ್ಮಿಯ ಬಾಯಲ್ಲಿ ಪ್ರೀತಿಯಿಂದ ಬರುವುದು ನಿನ್ನ ಹೆಸರೇ ಎಂಬ ಸಂಕಟ ಎಂಥದ್ದೆಂದು ನಿನಗೆ ಗೊತ್ತಿಲ್ಲ. ಗೊತ್ತಾಗಲಿ ಎಂದೇ ಬರುತ್ತಿದ್ದೇನೆ ಎಂದರೂ ತಪ್ಪಿಲ್ಲ.

ಕಟುವಾಗಿ ಬರೆದಿದ್ದಾಳೆ ಅನ್ನಿಸಿದರೆ ಇನ್ನೊಂದು ಸಲ ಓದು, ಕಡಿಮೆಯೇ ಬರೆದಿದ್ದೇನೆ. ಮಾಹಿರಾಗೆ ನನ್ನ ಮುತ್ತು ಕೊಡು. ಅವಳಿಗೆಂದು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಒಂದು ಜೊತೆ ಜುಮುಕಿ ತೆಗೆದಿಟ್ಟಿದ್ದೇನೆ, ಅವಳ ಮೇಲೆ ನನಗೆ ಯಾವ ಕೋಪವೂ ಇಲ್ಲ. ದುಲ್ಹೆಭಾಯಿಗೆ ಸಲಾಂ ತಿಳಿಸು. ಮೊಹ್ಸಿನ್, ಅಂಬ್ರೀನ್ ನಿಮ್ಮೆಲ್ಲರನ್ನೂ ಕೇಳಿದ್ದಾರೆ. ಅಲ್ಲಾಹ್ ನಿನ್ನ ಮನೆಯಲ್ಲಿ ಬರಕತ್ ಇಡಲಿ, ನಿನ್ನ ಮಂಡಿಗೆ ಬಲ ಕೊಡಲಿ. ಸಿಂಗಾಪುರದಲ್ಲಿ ಬೇಕಾಗುತ್ತದೆ, ನಮ್ಮನ್ನು ಕರೆದುಕೊಳ್ಳಲು ನಿಲ್ದಾಣಕ್ಕೆ ನೀನು ಬರಬೇಕಲ್ಲ.

ನಿನ್ನ ತಂಗಿ,
ಮಜೀದಾ

ವಿ.ಸೂ.: ಲಕೋಟೆ ಅಂಟಿಸುವ ಮುಂಚೆ ಒಂದು ಮಾತು. ಅಮ್ಮಿ ಎದ್ದು ಕರೆಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ನಮ್ಮನ್ನು ಕಂಡ ಕೂಡಲೇ ‘ಅಮ್ಮೀ, ನಾನು ಜಹನಾರಾ’ ಎಂದು ಅಳುತ್ತ ಮೈಮೇಲೆ ಬೀಳಬೇಡ. ಅವಳ ಜಹನಾರಾ ಅವಳ ಕೈ ಹಿಡಿದು ಪಕ್ಕದಲ್ಲೇ ನಿಂತಿರುತ್ತಾಳೆ. ಇನ್ನೊಬ್ಬಳು ಬಂದರೆ ಬೆದರಿ ಊಟ ಬಿಡುತ್ತಾಳೆ. ನಾವು ಇರುವಷ್ಟು ದಿನ ನೀನು ಮಜೀದಾ. ಬೈದರೆ ಬೈಸಿಕೋ, ಹೊಡೆದರೆ ಹೊಡೆಸಿಕೋ, ಟಿಕೆಟ್ ದುಬಾರಿ ಇತ್ತು ಎಂದು ಮಾತ್ರ ಹೇಳಬೇಡ. ಅವಳು ಜಹನಾರಾ ಎಂದು ಕರೆದಾಗ ಓಗೊಡಬೇಡ, ಅದು ನನ್ನನ್ನು ಕರೆಯುವುದು. ದುಲ್ಹೆಭಾಯಿಗೂ ಹೇಳು, ನಿನ್ನನ್ನು ಮಜೀದಾ ಎಂದೇ ಕರೆಯಲಿ. ಆ ಹೆಸರಿನವಳನ್ನು ಕೇಳಿಕೊಂಡು ಬಂದವರಲ್ಲವೇ, ನಾಲಿಗೆಗೆ ಕಷ್ಟವಾಗಲಾರದು. ಇದಕ್ಕೆ ನೀನು ಒಪ್ಪದಿದ್ದರೆ ಮೊಹ್ಸಿನ್‌ಗೆ ‘ಬೇಡ’ ಎಂದು ಒಂದು ಮಾತು ಕಳಿಸು, ಸಾಕು. ಮಧುಕರ್ ಆ ಗೂಡುಗಳನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ನಿನ್ನ ಮನೆಯ ಕಡೆಗೇ ಬರುವುದಿಲ್ಲ. ಅಲ್ಲಿ ಯಾವುದಾದರೊಂದು ಕಟ್ಟಡದಲ್ಲಿ ಬೀಗ ಹಾಕಿದ ಬಾಗಿಲು ತೋರಿಸಿ, ಇದೇ ಮಜೀದಾ ಮನೆ, ನಾವು ಬರುತ್ತೇವೆಂದು ತಿಳಿದು ಎಲ್ಲೋ ಹೋಗಿದ್ದಾಳೆ ಎಂದು ಹೇಳಿ ವಾಪಸ್ಸು ಕರೆದುಕೊಂಡು ಬರುತ್ತೇನೆ. ಅಮ್ಮಿ ನಂಬುತ್ತಾಳೆ. ಜಹನಾರಾ ಏನು ಹೇಳಿದರೂ ಅವಳು ಯಾವಾಗಲೂ ನಂಬಿದವಳೇ.